ಚಿಲ್ಟರ್ನ್ ಬೀದಿಯ ಹಳೆಯ ಅಗ್ನಿಶಾಮಕ ಠಾಣೆ: ಗೋಪುರ, ಹೊಗೆದಾರಿ ಮತ್ತು 2025ರ ಬೆಂಕಿ

2025ರ ಫೆಬ್ರುವರಿ 14, ಮಧ್ಯಾಹ್ನ 3 ಗಂಟೆಗೆ ಇನ್ನೂ ಕೆಲವು ನಿಮಿಷ ಬಾಕಿ. ಲಂಡನ್ನಿನ ಮೇರಿಲಬೋನ್ ಪ್ರದೇಶದ ಚಿಲ್ಟರ್ನ್ ಬೀದಿಯಿಂದ ಅಗ್ನಿಶಾಮಕ ದಳಕ್ಕೆ ಕರೆ ಹೋಯಿತು. ಹೊತ್ತಿಕೊಂಡಿದ್ದು ‘ಚಿಲ್ಟರ್ನ್ ಫೈರ್‌ಹೌಸ್’ ಎಂಬ ಹೋಟೆಲ್. ದಳ ಬರುವ ಮೊದಲೇ ಒಳಗಿದ್ದ ಸುಮಾರು 100 ಮಂದಿ ಹೊರಗೆ ಬಂದಿದ್ದರು. ನೆಲಮಹಡಿಯಿಂದ ಸೂರಿನವರೆಗೆ ಏರುವ ಡಕ್ಟ್, ಅಂದರೆ ಗಾಳಿ ಮತ್ತು ಹೊಗೆ ಸಾಗಿಸುವ ಕೊಳವೆ, ಉರಿಯುತ್ತಿತ್ತು. ಅಲ್ಲಿಂದ ಬೆಂಕಿ ಛಾವಣಿಗೆ ಹಬ್ಬಿತು. 20 ವಾಹನಗಳು, ಸುಮಾರು 125 ಸಿಬ್ಬಂದಿ ಕತ್ತಲಾದ ಮೇಲೂ ಹೋರಾಡಬೇಕಾಯಿತು. ಪಿಜ್ಜಾ ಒಲೆಯಿಂದ ಬಿದ್ದ ಉರಿಯುವ ಕಟ್ಟಿಗೆಯೇ ಬೆಂಕಿಗೆ ಮೂಲ ಎಂದು ದಳ ಆಮೇಲೆ ತಿಳಿಸಿತು.

ಆ ಹೋಟೆಲ್ ಇದ್ದ ಕಟ್ಟಡ 1889ರಲ್ಲಿ ಅಗ್ನಿಶಾಮಕ ಠಾಣೆಯೆಂದೇ ಕಟ್ಟಿದ್ದು. ಅದರ ಹೆಸರು ಮ್ಯಾಂಚೆಸ್ಟರ್ ಸ್ಕ್ವೇರ್ ಫೈರ್ ಸ್ಟೇಷನ್. 2005ರಲ್ಲಿ ಮುಚ್ಚುವವರೆಗೆ 116 ವರ್ಷ ಅದೇ ಕೆಲಸ ಮಾಡಿತು. ಹಳೆಯ ಠಾಣೆಯೊಂದನ್ನು ಬೇರೆ ಬಳಕೆಗೆ ಬದಲಿಸುವಾಗ ಎಲ್ಲರ ಕಣ್ಣು ಹೋಗುವುದು ಕೆಂಪು ಇಟ್ಟಿಗೆಯ ಮುಖ, ದೊಡ್ಡ ಬಾಗಿಲು, ಗೋಪುರಗಳ ಕಡೆಗೆ. ಅವನ್ನು ಉಳಿಸುವುದು ಅಷ್ಟೇನೂ ಕಷ್ಟವಲ್ಲ. ನೋಡಬೇಕಾದದ್ದು ಕಟ್ಟಡದೊಳಗೆ ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿಗಳನ್ನು: ಗೋಪುರದ ಪೊಳ್ಳು, ಹೊಗೆಗೂಡು, ಮೆಟ್ಟಿಲು, ಗೋಡೆಯೊಳಗಿನ ಸಂದು, ಹೊಸದಾಗಿ ಕೊರೆದ ಪೈಪಿನ ತೂತು. ಈ ಪ್ರಕರಣವನ್ನು ಆ ದಾರಿಗಳನ್ನು ಹಿಡಿದೇ ನೋಡಬೇಕು.

ಕಟ್ಟಿದಾಗ ಹೇಗಿತ್ತು

1861ರ ಟೂಲಿ ಬೀದಿಯ ಬೆಂಕಿಯಲ್ಲಿ ಲಂಡನ್ನಿನ ಅಗ್ನಿಶಾಮಕ ಮುಖ್ಯಸ್ಥ ಜೇಮ್ಸ್ ಬ್ರೈಡ್‌ವುಡ್ ಗೋಡೆ ಕುಸಿದು ಸತ್ತರು. ಅಲ್ಲಿಯವರೆಗೆ ಬೆಂಕಿ ಆರಿಸುವ ಕೆಲಸ ವಿಮಾ ಕಂಪನಿಗಳ ಕೈಯಲ್ಲಿತ್ತು. ಆ ನಷ್ಟ ಹೊರಲಾರದೆ ಅವು ಸರ್ಕಾರದ ಬಾಗಿಲು ತಟ್ಟಿದವು. 1865ರ ಕಾಯ್ದೆಯಂತೆ 1866ರ ಜನವರಿ 1ರಿಂದ ಮೆಟ್ರೊಪಾಲಿಟನ್ ಫೈರ್ ಬ್ರಿಗೇಡ್ ಶುರುವಾಯಿತು. ಅದರ ಮುಖ್ಯಸ್ಥ ಐರ್ ಮ್ಯಾಸಿ ಶಾ ನಾವಿಕರನ್ನೇ ಹುಡುಕಿ ಕೆಲಸಕ್ಕೆ ಸೇರಿಸಿಕೊಂಡರು. ಹಗ್ಗ, ಎತ್ತರ, ರಾತ್ರಿ ಕಾವಲು ಅವರಿಗೆ ಮೊದಲೇ ರೂಢಿಯಾಗಿದ್ದವು. ಊರ ತುಂಬ ಹೊಸ ಠಾಣೆಗಳು ಎದ್ದವು. ಮ್ಯಾಂಚೆಸ್ಟರ್ ಸ್ಕ್ವೇರ್ ಠಾಣೆಯ ವಿನ್ಯಾಸ ರಾಬರ್ಟ್ ಪಿಯರ್ಸಲ್ ಅವರದು: ಕೆಂಪು ಇಟ್ಟಿಗೆ, ಕಲ್ಲಿನ ಅಂಚು, ಚೂಪು ಕಮಾನಿನ ಗಾಥಿಕ್ ಶೈಲಿ. ನೋಡಿದವರಿಗೆ ಇದು ಶಾಲೆಯೋ ಚರ್ಚೋ ಅನ್ನಿಸಿದರೆ ಆಶ್ಚರ್ಯವಿಲ್ಲ. ಆ ಕಾಲದ ನಗರಾಡಳಿತಕ್ಕೆ ಗೌರವ ಸೂಚಿಸಲು ಸಿಕ್ಕ ಭಾಷೆಯೇ ಅದು.

ಒಳಗಿನ ಯೋಜನೆ ಮಾತ್ರ ಪೂರ್ತಿ ಕೆಲಸದ ಲೆಕ್ಕ. ಅಂದಿನ ಲಂಡನ್ ಠಾಣೆಗಳಲ್ಲಿ ನೆಲಮಹಡಿಯಲ್ಲಿ ಬೀದಿಗೆ ಮುಖ ಮಾಡಿ ಎಂಜಿನ್ ಕೋಣೆ ಇರುತ್ತಿತ್ತು. ಬಾಗಿಲ ಪಕ್ಕದಲ್ಲೇ ಕಾವಲು ಕೋಣೆ. ತಂತಿ ಸುದ್ದಿಗೂ ಬೀದಿಯ ಅಲಾರಂ ಕಂಬಗಳಿಗೂ ಕಿವಿಗೊಟ್ಟು ಒಬ್ಬ ಹಗಲಿರುಳು ಅಲ್ಲಿ ಕೂತಿರುತ್ತಿದ್ದ. ಹಿಂದೆ ಕುದುರೆ ಲಾಯ, ಅಂಗಳ, ಏಣಿ ಇಡುವ ಜಾಗ. ಮೇಲಿನ ಮಹಡಿಗಳಲ್ಲಿ ಸಿಬ್ಬಂದಿಯ ಸಂಸಾರ, ಏಕೆಂದರೆ ಆಗ ಪಾಳಿ ಇರಲಿಲ್ಲ, ಠಾಣೆಯೇ ಮನೆ. ಕುದುರೆಗಳು ಥಾಮಸ್ ಟಿಲ್ಲಿಂಗ್ ಎಂಬ ಬಾಡಿಗೆ ಸಂಸ್ಥೆಯಿಂದ ಬರುತ್ತಿದ್ದವು. ಎರಡು ಕುದುರೆ ಎಳೆಯುವ ಉಗಿ ಪಂಪಿನ ತೂಕ ಒಂದೂವರೆ ಎರಡು ಟನ್. ಈಗಿನ ಒಂದು ಪಂಪ್ ವಾಹನ 12ರಿಂದ 15 ಟನ್ ತೂಗುತ್ತದೆ. ಕನ್ನಡಿ ಬಿಟ್ಟು ಅಗಲವೇ 2.5 ಮೀಟರ್. ಕುದುರೆ ಬಂಡಿಗೆಂದು ಅಳೆದ ಬಾಗಿಲಲ್ಲಿ ಅಂಥ ವಾಹನ ಹಿಂದಕ್ಕೆ ನುಗ್ಗಿಸುವಾಗ ಎರಡೂ ಬದಿ ಒಂದೊಂದು ಗೇಣು ಉಳಿದರೆ ಹೆಚ್ಚು. ಕಮಾನಿನ ಕಂಬದ ಮೂಲೆಗಳು ಸವೆಯುವುದು, ಒಡೆಯುವುದು ಇದರಿಂದಲೇ. ಹಳೆಯ ಠಾಣೆಗಳಲ್ಲಿ ಆ ಮೂಲೆಗಳಿಗೆ ಕಬ್ಬಿಣದ ಕಾವಲು ಪಟ್ಟಿ ಹಾಕಿರುವುದನ್ನು ಕಾಣಬಹುದು.

ಗೋಪುರದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೂರದ ಹೊಗೆ ಕಾಣಲು ಕಟ್ಟಿದ್ದು ಎಂದು ಬಹಳ ಮಂದಿ ತಿಳಿಯುತ್ತಾರೆ. ಆದರೆ 1880ರಿಂದ ಲಂಡನ್ ಬೀದಿಗಳಲ್ಲಿ ಅಲಾರಂ ಕಂಬಗಳು ಬಂದಿದ್ದವು, ಕಾವಲಿಗೆ ಎತ್ತರದ ಅಗತ್ಯ ಕಡಿಮೆಯಾಗಿತ್ತು. ಗೋಪುರದ ದಿನನಿತ್ಯದ ಕೆಲಸ ಹೋಸ್ ಪೈಪು ಒಣಗಿಸುವುದು. ಅಗಸೆ ನಾರಿನ ಇಲ್ಲವೇ ಹತ್ತಿಯ ಹೋಸ್ ನೀರು ಕುಡಿದು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಅದು ಅದರ ಗುಣ. ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿದು ನಾರು ಕೊಳೆಯುತ್ತದೆ, ಮುಂದಿನ ಬೆಂಕಿಯ ಹೊತ್ತಿಗೆ ಒತ್ತಡ ತಡೆಯದೆ ಹರಿಯುತ್ತದೆ. ಆದ್ದರಿಂದ ಪ್ರತಿ ಬೆಂಕಿಯ ನಂತರ ತೊಳೆದು, ರಾಟೆಯ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಎಳೆಯಬೇಕು. 100 ಅಡಿಯ ಹೋಸನ್ನು ನಡುವೆ ಮಡಿಚಿ ನೇತುಹಾಕಿದರೆ 50 ಅಡಿ, ಅಂದರೆ ಸುಮಾರು 15 ಮೀಟರ್ ಎತ್ತರದ ಖಾಲಿ ಜಾಗ ಬೇಕು. ಹಿತ್ತಾಳೆಯ ಜೋಡಣೆ ನೆಲಕ್ಕೆ ತಾಗದಂತೆ ಇನ್ನೂ ಒಂದಿಷ್ಟು. ಕೆಳಗೆ ಗಾಳಿ ಒಳಗೆ ಬರುವ ಬಾಗಿಲು, ತುದಿಯಲ್ಲಿ ಗಾಳಿ ಹೊರಹೋಗುವ ಜಾಲರಿ. ತಂಪಿನ ಊರಿನಲ್ಲಿ ತಳದಲ್ಲಿ ಸಣ್ಣ ಒಲೆಯೂ ಬೇಕಾಗುತ್ತಿತ್ತು. ಅಂದರೆ ಗೋಪುರವೆಂಬುದು ಉದ್ದೇಶಪೂರ್ವಕವಾಗಿ ಕಟ್ಟಿದ ದೊಡ್ಡ ಹೊಗೆಗೂಡು. ಈ ಮಾತನ್ನು ನೆನಪಿಡಬೇಕು.

ಎರಡನೇ ಮಹಾಯುದ್ಧದ ನಂತರ ಸಿಂಥೆಟಿಕ್ ನೂಲಿನ, ಒಳಗೆ ರಬ್ಬರ್ ಪದರವಿರುವ ಹೋಸ್ ಬಂದಿತು. ಅದನ್ನು ಒಣಗಿಸುವ ಗೋಜೇ ಇಲ್ಲ. ಅದಕ್ಕೂ ಮುಂಚೆ, 1921ರಲ್ಲಿ, ಲಂಡನ್ ದಳದ ಕೊನೆಯ ಕುದುರೆಗಳು ಹೋಗಿ ಲಾಯ ಖಾಲಿಯಾಗಿತ್ತು. ಪಾಳಿ ಪದ್ಧತಿ ಬಂದು ಸಂಸಾರಗಳು ಹೊರಗೆ ಹೋದವು. ಠಾಣೆ ಮುಚ್ಚುವ ಎಷ್ಟೋ ದಶಕ ಮೊದಲೇ ಕಟ್ಟಡದ ಮುಕ್ಕಾಲು ಪಾಲಿಗೆ ಅದನ್ನು ಕಟ್ಟಿದ ಕಾರಣ ಇಲ್ಲವಾಗಿತ್ತು. 2005ರಲ್ಲಿ ಬಾಗಿಲು ಹಾಕಿದ್ದು ಆ ಸರಣಿಯ ಕೊನೆಯ ಹೆಜ್ಜೆ.

ಹೋಟೆಲಾದಾಗ ಬದಲಾದದ್ದು

ಜಾಗ ಪೋರ್ಟ್‌ಮನ್ ಎಸ್ಟೇಟ್ ಎಂಬ ಭೂಮಾಲೀಕ ಸಂಸ್ಥೆಯದು, ಕಟ್ಟಡ ಗ್ರೇಡ್ 2 ರಕ್ಷಿತ ಪಟ್ಟಿಯದು. ಹೋಟೆಲ್ ಉದ್ಯಮಿ ಆಂಡ್ರೆ ಬಲಾಜ್ ಗುತ್ತಿಗೆ ಪಡೆದರು. 2014ರಲ್ಲಿ ರೆಸ್ಟೊರಂಟ್, ಬಾರ್, 26 ಸೂಟ್‌ಗಳೊಂದಿಗೆ ಅದು ತೆರೆಯಿತು. ಎಂಜಿನ್ ನಿಲ್ಲುತ್ತಿದ್ದ ಜಾಗದಲ್ಲಿ ಊಟದ ಮೇಜುಗಳು ಬಂದವು. ಏಣಿ ಇಡುತ್ತಿದ್ದ ಕೊಟ್ಟಿಗೆ ‘ಲ್ಯಾಡರ್ ಶೆಡ್’ ಎಂಬ ಹೆಸರಿನಲ್ಲೇ ಉಳಿಯಿತು. ಬೀದಿಯ ಕಡೆಯ ಅಂಗಳ ಗಿಡಗಳ ಪ್ರವೇಶವಾಯಿತು. ನಗರದ ದೃಷ್ಟಿಯಿಂದ ಇದು ಒಳ್ಳೆಯ ಕೆಲಸವೇ. ಖಾಲಿ ಬಿದ್ದ ಇಟ್ಟಿಗೆ ಕಟ್ಟಡ ಹತ್ತು ಮಳೆಗಾಲದಲ್ಲಿ ಹಾಳಾಗುತ್ತದೆ, ದುಡಿಯುವ ಕಟ್ಟಡವನ್ನು ಯಾರಾದರೂ ನೋಡಿಕೊಳ್ಳುತ್ತಾರೆ.

ಇಂಥ ಪರಿವರ್ತನೆಯಲ್ಲಿ ಎಂಜಿನಿಯರ್ ಮೊದಲು ಕೇಳುವುದು ನೆಲದ ಬಲ. ನೆಲಮಹಡಿ ತೊಂದರೆ ಕೊಡುವುದಿಲ್ಲ, ಅದು ಬಂಡಿ ಹೊತ್ತ ನೆಲ. ಮೇಲಿನದು ಮರದ ತೊಲೆ, ಜಂತೆ, ಹಲಗೆ. ಬ್ರಿಟನ್ನಿನ ಲೆಕ್ಕದಲ್ಲಿ ಹೋಟೆಲ್ ಮಲಗುವ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೊ ಹಿಡಿಯುತ್ತಾರೆ. ಅಲ್ಲಿಗೆ ಎರಕದ ಕಬ್ಬಿಣದ ಸ್ನಾನದ ತೊಟ್ಟಿ ತಂದಿಡಿ: ತೊಟ್ಟಿ 100 ಕಿಲೊ, ನೀರು 180, ಒಬ್ಬ ಮನುಷ್ಯ 70. ಒಟ್ಟು 350 ಕಿಲೊ, ಅದೂ 1.2 ಚದರ ಮೀಟರಿನಲ್ಲಿ. ಚದರ ಮೀಟರಿಗೆ 290 ಕಿಲೊ ಆಯಿತು. ಆದ್ದರಿಂದ ತೊಟ್ಟಿಯನ್ನು ಗೋಡೆಯ ಬಳಿ, ಜಂತೆಗಳಿಗೆ ಅಡ್ಡಲಾಗಿ ಇಡುತ್ತಾರೆ, ಕೆಳಗೆ ಜಂತೆಗೆ ಜೋಡು ಮರ ಕೊಡುತ್ತಾರೆ. ಪ್ಲಂಬರ್ ಬಂದು ಅದೇ ಜಂತೆಯ ಮಧ್ಯದಲ್ಲಿ ಪೈಪಿಗೆ ಕಚ್ಚು ಹಾಕಿದರೆ ಅಷ್ಟೂ ಕೆಲಸ ವ್ಯರ್ಥ.

ಆ ಪೈಪುಗಳೇ ಎರಡನೆಯ ಸಮಸ್ಯೆ. ಸಂಸಾರಗಳು ವಾಸಿಸುತ್ತಿದ್ದಾಗ ಮಹಡಿಗೆ ಒಂದೆರಡು ನೀರಿನ ಜಾಗ ಸಾಕಿದ್ದವು. ಪ್ರತಿ ಕೋಣೆಗೂ ಬಚ್ಚಲು ಎಂದಾಗ ಬಿಸಿ, ತಣ್ಣೀರು, ಬಚ್ಚಲ ನೀರು, ಶೌಚದ ಕೊಳವೆ ಎಂದು ನಾಲ್ಕಾದರೂ ಬೇಕು. 26 ಕೋಣೆಗೆ ಲೆಕ್ಕ ಹಾಕಿದರೆ ಕನಿಷ್ಠ 104 ತೂತು. ವಿದ್ಯುತ್ತು, ಗಾಳಿ, ಅಲಾರಂ ತಂತಿಗಳನ್ನು ಸೇರಿಸಿಲ್ಲ. ಒಂದೊಂದು ತೂತೂ ಒಂದು ಮಹಡಿಯ ಬೆಂಕಿಯನ್ನು ಇನ್ನೊಂದಕ್ಕೆ ಕಳುಹಿಸಬಲ್ಲ ಕಿಟಕಿ. ಮುಚ್ಚುವ ವಿಧಾನ ಇದೆ: ದೊಡ್ಡ ಬಾಯಿಗೆ ದಟ್ಟವಾದ ಖನಿಜ ಉಣ್ಣೆಯ 50 ಮಿಲಿಮೀಟರ್ ಹಲಗೆ, ಸುತ್ತಲಿನ ಸಂದಿಗೆ ಬಿಸಿಗೆ ಉಬ್ಬುವ ಸೀಲಂಟ್, ಪ್ಲಾಸ್ಟಿಕ್ ಕೊಳವೆಗೆ ಉಬ್ಬಿ ಹಿಸುಕುವ ಪಟ್ಟಿ. ಸರಿಯಾಗಿ ಮಾಡಿದರೆ ಬೆಂಕಿಯನ್ನು ಒಂದು ಗಂಟೆ ತಡೆಯುತ್ತದೆ. ಸಾಮಾನ್ಯವಾಗಿ ತಪ್ಪುವುದು ಆರು ತಿಂಗಳ ನಂತರ. ಹೊಸ ಇಂಟರ್‌ನೆಟ್ ತಂತಿ ಎಳೆಯಲು ಬಂದವರು ಆ ಹಲಗೆಯನ್ನು ಚುಚ್ಚಿ, ಮಾಮೂಲಿ ಫೋಮ್ ತುಂಬಿ ಹೋಗುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಮೂರನೆಯದು ಅಲಂಕಾರ. ಹಳೆಯ ಇಟ್ಟಿಗೆಯ ಗೋಡೆ ಸೊಟ್ಟ, ಒರಟು. ಅದರ ಮುಂದೆ ಮರದ ಪಟ್ಟಿ ಹೊಡೆದು ಹೊಸ ಫಲಕ ಹಾಕಿದರೆ ಚಂದ, ತಂತಿ ಅಡಗಿಸಲೂ ಅನುಕೂಲ. ಆದರೆ ಹಿಂದೆ ನಾಲ್ಕು ಬೆರಳಿನ ಪೊಳ್ಳು ನೆಲದಿಂದ ಸೂರಿನವರೆಗೆ ಉಳಿಯುತ್ತದೆ. ಪ್ರತಿ ಮಹಡಿಯ ಮಟ್ಟದಲ್ಲಿ ಅಡ್ಡ ತಡೆ ಹಾಕದಿದ್ದರೆ ಬೆಂಕಿ ಅಲ್ಲಿ ಯಾರಿಗೂ ಕಾಣದೆ ಏರುತ್ತದೆ. ಹೊಗೆ ಹೊರಗೆ ಬರುವ ಹೊತ್ತಿಗೆ ಅದು ಎರಡು ಮಹಡಿ ದಾಟಿರುತ್ತದೆ.

ಒಲೆ ಮತ್ತು ಡಕ್ಟ್

ಕಟ್ಟಿಗೆಯ ಪಿಜ್ಜಾ ಒಲೆಯ ನೆಲ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಣ ಮರ ಕಿಡಿ ಸೋಕಿದರೆ 300 ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳುತ್ತದೆ. ಅಡುಗೆ ಎಣ್ಣೆಯ ಆವಿ ತಾನಾಗಿ ಹೊತ್ತಲು 350 ಡಿಗ್ರಿ ಆಸುಪಾಸು ಸಾಕು. ಒಲೆಯ ಬಾಯಿಂದ ಹೊರಬಿದ್ದ ಒಂದು ಕೊಳ್ಳಿಗೆ ಈ ಎಲ್ಲವನ್ನೂ ಹಚ್ಚುವ ಬಿಸಿ ಇದೆ. ಒಲೆಯ ಮುಂದೆ ಕಲ್ಲಿನ ಅಗಲ ಕಟ್ಟೆ, ಅಂಚು, ಕೆಳಗೆ ಉರಿಯದ ನೆಲ ಇರಬೇಕಾದದ್ದು, ಸುತ್ತ ಒಂದು ಸಂದೂ ತೆರೆದಿರಬಾರದೆನ್ನುವುದು ಇದಕ್ಕೇ. ಕೊಳ್ಳಿ ಕಲ್ಲಿನ ಮೇಲೆ ಬಿದ್ದರೆ ಆರುತ್ತದೆ. ಸಂದಿನೊಳಗೆ ಬಿದ್ದರೆ ಕಾಣದ ಕಡೆ ಗಂಟೆಗಟ್ಟಲೆ ಕೆಂಡವಾಗಿ ಕೂರಬಲ್ಲದು.

ಆಮೇಲಿನದು ಗಾಳಿಯ ಲೆಕ್ಕ. 15 ಮೀಟರ್ ಎತ್ತರದ ಪೊಳ್ಳು, ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ: ಎರಡರ ಒತ್ತಡದ ಅಂತರ ಸುಮಾರು 10 ಪ್ಯಾಸ್ಕಲ್. ಹೋಸ್ ಒಣಗಿಸಲು ಅಷ್ಟು ಗಾಳಿ ಸಾಕು. ಅದೇ ಪೊಳ್ಳಿನಲ್ಲಿ 600 ಡಿಗ್ರಿಯ ಹೊಗೆ ತುಂಬಿದರೆ ಅಂತರ 125 ಪ್ಯಾಸ್ಕಲ್ ಮುಟ್ಟುತ್ತದೆ, ಹನ್ನೆರಡು ಪಟ್ಟಿಗಿಂತ ಹೆಚ್ಚು. ತಳದ ಬೆಂಕಿಗೆ ಹೊಸ ಗಾಳಿ, ತುದಿಯ ಪ್ರತಿ ಸಂದಿನಿಂದ ಬಿಸಿ ಹೊಗೆ ಹೊರಕ್ಕೆ. ಅಲ್ಲಿ ಏನಿರುತ್ತದೆ? ಸೂರಿನ ಮರ. ಮೃದು ಮರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಸುಡುತ್ತದೆ. 50 ಮಿಲಿಮೀಟರ್ ದಪ್ಪದ ಪಕಾಸಿಗೆ (ಸೂರು ಹೊರುವ ಇಳಿಜಾರು ಮರ) ಎರಡೂ ಬದಿ ಬೆಂಕಿ ತಗುಲಿದರೆ 38 ನಿಮಿಷಕ್ಕೆ ಏನೂ ಉಳಿಯದು, ಅದಕ್ಕೂ ಬಹಳ ಮೊದಲೇ ಭಾರ ಹೊರಲಾರದೆ ಮುರಿಯುತ್ತದೆ. ಗಾರೆಯ ಚಾವಣಿಯ ಮೇಲೆ ಅಡಗಿರುವ ಜಂತೆಗಿಂತ ಬತ್ತಲೆ ಪಕಾಸು ಮೊದಲು ಹೋಗುವುದು ಹೀಗೆ. ಇಂಥ ಬೆಂಕಿಗಳಲ್ಲಿ ನೆಲಮಹಡಿಯ ಊಟದ ಕೋಣೆ ನೀರಿನಿಂದ ಹಾಳಾಗಿರುತ್ತದೆ, ಛಾವಣಿ ಬೆಂಕಿಯಿಂದ.

ವೃತ್ತಿಯವರೂ ಕೆಲವೊಮ್ಮೆ ತಪ್ಪುವ ಒಂದು ಅಂಶವಿದೆ. ಮಾಮೂಲಿ ಗಾಳಿ ಡಕ್ಟ್ ಮಹಡಿ ದಾಟುವಲ್ಲಿ ಫೈರ್ ಡ್ಯಾಂಪರ್ ಹಾಕುತ್ತಾರೆ, ಬಿಸಿಗೆ ಅದು ತಾನೇ ಮುಚ್ಚುತ್ತದೆ. ಅಡುಗೆಮನೆಯ ಹೊಗೆ ಡಕ್ಟಿಗೆ ಅದನ್ನು ಹಾಕುವಂತಿಲ್ಲ. ಜಿಡ್ಡು ಹಿಡಿದು ಡ್ಯಾಂಪರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಮುಚ್ಚಿದರೂ ಜಿಡ್ಡಿನ ಬೆಂಕಿಯನ್ನು ಅಡುಗೆಮನೆಗೇ ತಿರುಗಿಸುತ್ತದೆ. ಹಾಗಾಗಿ ಇಡೀ ಡಕ್ಟೇ ಬೆಂಕಿ ತಡೆಯುವಂತಿರಬೇಕು, ಇಲ್ಲವೇ ತನ್ನದೇ ಇಟ್ಟಿಗೆಯ ಕೊಳವೆಯೊಳಗೆ ಹೊರಗಿನವರೆಗೂ ಹೋಗಬೇಕು. ಕಟ್ಟಿಗೆ ಒಲೆಯ ಹೊಗೆಕೊಳವೆ ಇದರಿಂದ ಪ್ರತ್ಯೇಕವಾಗಿರಬೇಕು. ಕಿಡಿ ಮತ್ತು ಜಿಡ್ಡು ಒಂದೇ ಕೊಳವೆಯಲ್ಲಿ ಸೇರುವುದೇ ಅಪಾಯ.

ಶುಚಿಗೆ ಬ್ರಿಟನ್ನಿನಲ್ಲಿ ಟಿಆರ್19 ಎಂಬ ಮಾನದಂಡ ಬಳಕೆಯಲ್ಲಿದೆ. ದಿನಕ್ಕೆ 12ರಿಂದ 16 ಗಂಟೆ ಉರಿಯುವ ಅಡುಗೆಮನೆಯ ಡಕ್ಟನ್ನು 3 ತಿಂಗಳಿಗೊಮ್ಮೆ, 6ರಿಂದ 12 ಗಂಟೆಯದನ್ನು 6 ತಿಂಗಳಿಗೊಮ್ಮೆ ತೊಳೆಯಬೇಕು. ಸರಾಸರಿ ಜಿಡ್ಡು 200 ಮೈಕ್ರಾನ್ ಮುಟ್ಟಿದರೆ ತೊಳೆಯುವ ಹೊತ್ತಾಯಿತೆಂದು ಲೆಕ್ಕ. ಮಿಲಿಮೀಟರಿನ ಐದನೇ ಒಂದು ಭಾಗ. ಉಗುರಿನಿಂದ ಗೀಚಿದರೆ ಹಳದಿ ಸುರುಳಿ ಏಳುವಷ್ಟು. ರಕ್ಷಿತ ಕಟ್ಟಡದ ತೊಂದರೆ ಇಲ್ಲಿದೆ: ತೊಳೆಯಲು ಸುಮಾರು 2 ಮೀಟರಿಗೊಂದು ಬಾಗಿಲು ಬೇಕು, ಆ ಬಾಗಿಲಿನ ಮುಂದೆ ಮರದ ಫಲಕ ಕೂತಿರುತ್ತದೆ. ಕೈ ಹೋಗದ ತಿರುವಿನಲ್ಲೇ ಜಿಡ್ಡು ನಿಲ್ಲುತ್ತದೆ.

ಗೋಪುರದ ಮಾತು ನೆನಪಿಡಿ ಎಂದದ್ದು ಇದಕ್ಕೇ. ಹಳೆಯ ಠಾಣೆಯ ಪರಿವರ್ತನೆಗಳಲ್ಲಿ ಹೋಸ್ ಗೋಪುರವನ್ನು ಬರಿದೇ ಬಿಡುತ್ತಾರೆ, ಇಲ್ಲವೇ ಲಿಫ್ಟಿಗೆ ಕೊಡುತ್ತಾರೆ. ಡಕ್ಟನ್ನು ಮಾತ್ರ ಮರದ ಮಹಡಿಗಳ ನಡುವೆ ತೂರಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ತಿರುಗುಮುರುಗು. ಒಂದಡಿಗೂ ಮಿಕ್ಕಿದ ಇಟ್ಟಿಗೆಯ ಗೋಡೆ, ನಡುವೆ ಮರವಿಲ್ಲದ 15 ಮೀಟರ್ ಖಾಲಿ ಜಾಗ, ತುದಿಯಲ್ಲಿ ಛಾವಣಿಗಿಂತ ಮೇಲಿರುವ ಜಾಲರಿ: ಕಟ್ಟಡದಲ್ಲಿ ಹೊಗೆ ಹೋಗಲೆಂದೇ ಇರುವ ಜಾಗ ಅದೊಂದೇ. ಪ್ರತಿ ಮಹಡಿಯಿಂದ ಗೋಪುರಕ್ಕೆ ತೆರೆಯುವ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ತಳದಲ್ಲಿ ಮತ್ತು ತುದಿಯಲ್ಲಿ ತೊಳೆಯುವ ದಾರಿ ಬಿಟ್ಟು, ಡಕ್ಟನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದರೆ ಸಾಕು. ಅದೇ ಗೋಪುರದಲ್ಲಿ ಮೆಟ್ಟಿಲನ್ನೋ ವಿದ್ಯುತ್ ಕೇಬಲನ್ನೋ ಸೇರಿಸಕೂಡದು. ಅಡುಗೆಮನೆ ಗೋಪುರದಿಂದ ದೂರವಿದ್ದರೆ ಅಡುಗೆಮನೆಯನ್ನೇ ಅತ್ತ ಸರಿಸುವುದು ಲೇಸು.

ಬೇರೆ ಊರಿನ ಮೂರು ದಾರಿ

ನ್ಯೂಯಾರ್ಕಿನ ಲಫಾಯೆಟ್ ಬೀದಿಯ ಎಂಜಿನ್ ಕಂಪನಿ 31ರ ಕಟ್ಟಡ 1895ರದು, ಫ್ರೆಂಚ್ ಅರಮನೆಯ ಅಚ್ಚಿನಲ್ಲಿ ನೆಪೋಲಿಯನ್ ಲೆಬ್ರನ್ ಸಂಸ್ಥೆ ರೂಪಿಸಿದ್ದು. 1966ರಲ್ಲೇ ಅದು ರಕ್ಷಿತವಾಯಿತು. ಈಗ ಸಾಕ್ಷ್ಯಚಿತ್ರಕಾರರ ಸಂಸ್ಥೆಯೊಂದು ಅಲ್ಲಿದೆ, 2022ರಲ್ಲಿ ಅದರೊಳಗೆ ಸಣ್ಣ ಚಿತ್ರಮಂದಿರ ತೆರೆಯಿತು. ಚಿತ್ರಮಂದಿರಕ್ಕೆ ಒಲೆ ಬೇಡ, ಕಿಟಕಿ ಬೇಡ, ಕಂಬವಿಲ್ಲದ ನೆಲ ಬೇಕು. ಎಂಜಿನ್ ಕೋಣೆಗೆ ಇದಕ್ಕಿಂತ ಒಪ್ಪುವ ಬಳಕೆ ಅಪರೂಪ.

ಸಿಂಗಪುರದ ಹಿಲ್ ಬೀದಿಯ ಸೆಂಟ್ರಲ್ ಫೈರ್ ಸ್ಟೇಷನ್ ಕೆಂಪು ಇಟ್ಟಿಗೆ, ಬಿಳಿ ಗಾರೆಯ ಪಟ್ಟೆಗಳ 1909ರ ಕಟ್ಟಡ. ಇಂದಿಗೂ ಅಲ್ಲಿಂದ ವಾಹನಗಳು ಹೊರಡುತ್ತವೆ. 1998ರಲ್ಲಿ ರಾಷ್ಟ್ರೀಯ ಸ್ಮಾರಕವಾದ ಮೇಲೂ ಕೆಲಸ ನಿಲ್ಲಲಿಲ್ಲ; 2001ರಲ್ಲಿ ಒಂದು ಭಾಗ ಮಾತ್ರ ವಸ್ತುಸಂಗ್ರಹಾಲಯವಾಯಿತು. ಸಾಧ್ಯವಿರುವ ಕಡೆ ಇದೇ ಅತ್ಯುತ್ತಮ.

ಮೂರನೆಯದು ಲಂಡನ್ನಿಗೆ ಹೋದ ಕನ್ನಡಿಗರು ಬಹುಶಃ ದಾಟಿ ಬಂದಿರುವ ಕಟ್ಟಡ. 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯಲ್ಲೇ, 8ನೇ ನಂಬರಿನಲ್ಲಿ, 1937ರ ಅಗ್ನಿಶಾಮಕ ಕೇಂದ್ರ ಕಚೇರಿ ನಿಂತಿದೆ. ಕಚೇರಿ ಬೇರೆಡೆ ಹೋಗಿ ವರ್ಷಗಳಾದವು. ಆ ಜಾಗದಲ್ಲಿ ಎತ್ತರದ ಬಹುಮಹಡಿ ಕಟ್ಟಡಗಳ ದೊಡ್ಡ ಯೋಜನೆಯೊಂದಕ್ಕೆ 2021ರಲ್ಲಿ ಸರ್ಕಾರ ಒಪ್ಪಿಗೆ ನಿರಾಕರಿಸಿತು.

ಸುಟ್ಟ ಮೇಲೆ ಏನು ಮಾಡಬೇಕು

ಛಾವಣಿ ಹೋದ ಇಟ್ಟಿಗೆ ಕಟ್ಟಡಕ್ಕೆ ಬೆಂಕಿಗಿಂತ ನಂತರದ ಎರಡು ವರ್ಷ ಕಷ್ಟದ್ದು. ಮೊದಲ ವಾರದ ಕೆಲಸ: ಆಸರೆ ಕಳೆದುಕೊಂಡ ತ್ರಿಕೋನ ಗೋಡೆ ಮತ್ತು ಹೊಗೆಗೂಡುಗಳಿಗೆ ಆಧಾರ ಕಂಬ, ಅದರ ಮೇಲೆ ಸ್ಕ್ಯಾಫೋಲ್ಡಿನ ತಾತ್ಕಾಲಿಕ ತಗಡು ಸೂರು. ಅವಶೇಷವನ್ನು ಬುಲ್ಡೋಜರಿನಿಂದ ತಳ್ಳಬಾರದು. ಯಾವ ಕೋಣೆಯದೋ ಆ ಕೋಣೆಯ ಹೆಸರು ಬರೆದ ಚೀಲಕ್ಕೆ ಹಾಕಬೇಕು, ಬಾಗಿಲ ಚೌಕಟ್ಟಿನ ಒಂದು ತುಂಡು ಸಿಕ್ಕರೆ ಉಳಿದದ್ದನ್ನು ಅದರಂತೆ ಮಾಡಿಸಬಹುದು.

ಕೆಂಪು ಇಟ್ಟಿಗೆ ಗೂಡಿನಲ್ಲಿ ಸುಮಾರು 1000 ಡಿಗ್ರಿ ಕಂಡು ಬಂದದ್ದು, ಬಹುಪಾಲು ಉಳಿಯುತ್ತದೆ. ಕಿಟಕಿ ಅಂಚಿನ ಕಲ್ಲು ಹಾಗಲ್ಲ. ಕಬ್ಬಿಣದಂಶವಿರುವ ಕಲ್ಲು 250ರಿಂದ 300 ಡಿಗ್ರಿಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವೇ ಶಾಖ ಎಲ್ಲಿಯವರೆಗೆ ಹೋಗಿತ್ತೆಂಬ ಗುರುತು, ಅದನ್ನು ತೊಳೆಯುವ ಮೊದಲೇ ಫೋಟೊ ತೆಗೆದು ನಕ್ಷೆಯಲ್ಲಿ ದಾಖಲಿಸಬೇಕು. ಉಕ್ಕಿನ ತೊಲೆ 550ರಿಂದ 600 ಡಿಗ್ರಿಯಲ್ಲಿ ಅರ್ಧ ಬಲ ಕಳೆದುಕೊಂಡಿರುತ್ತದೆ. ತಣ್ಣಗಾದ ಮೇಲೆ ನೇರವಾಗಿದ್ದರೆ ಸಾಮಾನ್ಯವಾಗಿ ಮತ್ತೆ ಬಳಸಬಹುದು, ಬಾಗಿದ್ದರೆ ಇಲ್ಲ.

ಗೋಡೆ ಕುಡಿದ ನೀರು ಹೊರಗೆ ಹೋಗಲು 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎಂಬುದು ಹಳೆಯ ಲೆಕ್ಕ. 340 ಮಿಲಿಮೀಟರ್ ಗೋಡೆಗೆ 13–14 ತಿಂಗಳಾಯಿತು. ಹೀಟರ್ ಹಚ್ಚಿ ಅವಸರ ಮಾಡಿದರೆ ಮೇಲ್ಪದರ ಒಣಗಿ ಉಪ್ಪು ಹೊರಬರುತ್ತದೆ, ಒಳಗಿನ ನೀರು ಹಾಗೇ ಇರುತ್ತದೆ. ಗೋಡೆಯೊಳಗೆ ಹೂತ ತೊಲೆಯ ತುದಿಗಳಲ್ಲಿ ತೇವಾಂಶ ಶೇ 20 ಮೀರಿ ನಿಂತರೆ ಒಣ ಕೊಳೆ ಶಿಲೀಂಧ್ರ ಹಿಡಿಯುತ್ತದೆ. ಆದ್ದರಿಂದ ನೆನೆದ ಗಾರೆ ಕಿತ್ತು, ತೊಲೆಯ ತುದಿಗಳನ್ನು ತೆರೆದಿಟ್ಟು, ಪ್ರತಿ ತಿಂಗಳು ಮೀಟರ್ ಹಿಡಿದು ಬರೆದಿಡಬೇಕು. ಶೇ 18ಕ್ಕೆ ಇಳಿಯುವವರೆಗೆ ಏನನ್ನೂ ಮುಚ್ಚಬಾರದು. ಮತ್ತೆ ಬಳಿಯುವಾಗ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟ್ ಉಳಿದ ತೇವವನ್ನು ಒಳಗೇ ಹಿಡಿದು ಇಟ್ಟಿಗೆಯ ಮುಖ ಉದುರಿಸುತ್ತದೆ.

ಗಾರೆ ಕಿತ್ತು ಗೋಡೆ ಬತ್ತಲಾಗಿರುವ ಆ ಒಂದು ವರ್ಷದಲ್ಲೇ ಪ್ರತಿ ಮಹಡಿಯ ಪ್ರತಿ ತೂತಿಗೂ ನಂಬರು ಕೊಟ್ಟು, ಅಳತೆ ಬರೆದು, ಮುಚ್ಚಿದ ಮೇಲೆ ಫೋಟೊ ತೆಗೆದು ಒಂದು ಪುಸ್ತಕ ಮಾಡಿಟ್ಟುಕೊಳ್ಳಬೇಕು. ಅಡಗಿದ್ದ ದಾರಿಗಳೆಲ್ಲ ಕಣ್ಣಿಗೆ ಬೀಳುವುದು ಆಗ ಮಾತ್ರ. ಪುಸ್ತಕದ ಒಂದು ಪ್ರತಿ ಮ್ಯಾನೇಜರ್ ಬಳಿ, ಇನ್ನೊಂದು ಕಟ್ಟಡದ ದುರಸ್ತಿ ನೋಡಿಕೊಳ್ಳುವವರ ಕೈಯಲ್ಲಿ. ಹೊಸ ತಂತಿ ಎಳೆಯಲು ಬಂದವರು ಯಾವ ನಂಬರಿನ ತೂತು ತೆರೆದರೆಂದು ಅದರಲ್ಲಿ ಸಹಿ ಹಾಕಿ ಹೋಗಬೇಕು.